ಬೌಂಡರಿಯಾಚೆಯ ಕ್ಯಾಪ್ಟನ್ನುಗಳು

ನಮ್ಮ ಕಾಲದಲ್ಲಿ ಅಪ್ಪ ಮೈದಾನಕ್ಕೆ ಬರುತ್ತಿದ್ದುದು ಒಂದೇ ಕೆಲಸಕ್ಕೆ, ಮಗನ ಕಿವಿ ಹಿಂಡಿ ಮನೆಗೆ ಎಳೆದೊಯ್ಯಲು. ಗೇಟಿನ ಹತ್ತಿರ ಅಪ್ಪನ ತಲೆ ಕಂಡರೆ ಸಾಕು, ನಲವತ್ತೊಂಬತ್ತಕ್ಕೆ ನಿಂತವನೂ ಬ್ಯಾಟು ಬಿಸಾಕಿ ಓಡುತ್ತಿದ್ದ. ಬ್ಯಾಟು ಅವನದೇ ಆಗಿದ್ದರೆ ಎಲ್ಲರ ಆಟವೂ ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ಅಪ್ಪಂದಿರು ಮಗನಿಗಿಂತ ಮೊದಲೇ ಮೈದಾನದಲ್ಲಿರುತ್ತಾರೆ. ಮಡಚುವ ಕುರ್ಚಿ, ಕೂಲಿಂಗ್ ಗ್ಲಾಸು, ಕೈಯಲ್ಲಿ ವಿಡಿಯೋಗೆ ಸಿದ್ಧವಾದ ಮೊಬೈಲು. ಅಮ್ಮನ ಚೀಲದಲ್ಲಿ ನೆನೆಸಿದ ಬಾದಾಮಿ. ಇನ್ನು ಕಿಟ್ ಬ್ಯಾಗು? ಅದರೊಳಗೆ ಹುಡುಗನನ್ನೇ ಮಲಗಿಸಿ ಜಿಪ್ ಎಳೆಯಬಹುದು.

ಈ ಮಾತು ತೆಗೆದವರು ಪಕ್ಕದ ಮನೆಯ ಅಕ್ಕ. ಬೀದಿಗೆಲ್ಲ ಅವರು ಅಕ್ಕ, ನನಗೂ ಅಕ್ಕ, ನಾನು ಅವರಿಗಿಂತ ದೊಡ್ಡವನಾದರೂ. ಮೊಮ್ಮಗನ ಅಂಡರ್-12 ಮ್ಯಾಚಿಗೆ ಹೋಗಿ ಬಂದು ಕಾಂಪೌಂಡಿಗೆ ಆತುಕೊಂಡು ನಿಂತಿದ್ದರು.

"ಅಲ್ಲ ಮೇಷ್ಟ್ರೇ, ಆಡೋರು ಇಪ್ಪತ್ತೆರಡು ಹುಡುಗ್ರು, ಕೂಗೋರು ಅದರ ಎರಡರಷ್ಟು! ಆ ಕಡೆ ಟೀಮಿನ ಅಪ್ಪ-ಅಮ್ಮಂದಿರು ಒಂದು ಮರದ ಕೆಳಗೆ, ಈ ಕಡೆಯವರು ಇನ್ನೊಂದು ಮರದ ಕೆಳಗೆ. ತಾಂಬೂಲದಲ್ಲಿ ಮಾತು ಬಿಟ್ಟ ಬೀಗರು ಕೂತ ಹಾಗೆ. ಅಂಪೈರ್ ಪಾಪ, ಕಾಲೇಜಿಗೆ ಹೋಗೋ ಹುಡುಗ. ವೈಡ್ ಕೊಟ್ಟ ಅಂತ ಒಬ್ಬರು ಒಳಗೇ ನುಗ್ಗಿಬಿಟ್ರು, ಚಪ್ಪಲಿ ಕಾಲಲ್ಲಿ!"

"ಪಿಚ್ ಮೇಲೇನಾ?"

"ಪಿಚ್ ಮೇಲೇ!"

ಅಕ್ಕನಿಗೆ ಜಗಳಕ್ಕಿಂತ ಚಪ್ಪಲಿಯದೇ ಸಂಕಟ. ನನಗೆ ಮಾತ್ರ ನೆನಪಾದದ್ದು ನಮ್ಮ ಭದ್ರಾವತಿಯ ವಿಶ್ವನಾಥ್. 1980ರಲ್ಲಿ ಮುಂಬೈಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟು, ಕ್ಯಾಪ್ಟನ್ ವಿಶಿ. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟನೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶಿಗೆ ಅನಿಸಿತು. ಅಂಪೈರ್ ಹತ್ತಿರ ಹೋಗಿ ಮಾತಾಡಿ ಟೇಲರ್‌ನನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು. ಹತ್ತು ವಿಕೆಟ್‌ಗಳಿಂದ ಸೋತೆವು. ಅಂಪೈರ್ ಹತ್ತಿರ ಹೋಗಲೇಬೇಕೆಂದಿದ್ದರೆ ಹೋಗಬೇಕಾದದ್ದು ಹಾಗೆ.

"ಅವತ್ತು ನಮ್ಮ ಮರದ ಕೆಳಗಿನ ಅಪ್ಪಂದಿರು ಅಲ್ಲಿದ್ದಿದ್ರೆ?" ಅಕ್ಕ ಕೇಳಿದರು.

"ಟೇಲರ್ ಸ್ನಾನ ಮುಗಿಸಿ ಕಾಫಿ ಕುಡೀತಿದ್ದ ಬಿಡಿ."

ಕ್ರಿಕೆಟ್ಟೊಂದನ್ನೇ ಯಾಕೆ ಬೈಯಬೇಕು? ಬೆಳಗಿನ ಐದೂವರೆಗೆ ಈಜುಕೊಳದ ಕಡೆ ಹೋಗಿ ನೋಡಿ. ಮಗು ನೀರಿನಿಂದ ತಲೆ ಎತ್ತುವುದರೊಳಗೆ ಅಮ್ಮ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಬಗ್ಗಿರುತ್ತಾರೆ. ಟವೆಲ್ ಆಮೇಲೆ, ಮೊದಲು ಸೆಕೆಂಡು. ಬ್ಯಾಡ್ಮಿಂಟನ್ ಹಾಲ್‌ಗಳಲ್ಲಂತೂ ಅಪ್ಪಂದಿರ ಸನ್ನೆ ಮೂಕಾಭಿನಯದ ಸ್ಪರ್ಧೆಗೆ ಕಳಿಸುವಂತಿರುತ್ತದೆ: ಮೂಗು ತುರಿಸಿದರೆ ಡ್ರಾಪ್, ತಲೆ ಕೆರೆದರೆ ಟಾಸ್. ಕೋಚ್ ಒಂದು ಹೇಳಿರುತ್ತಾರೆ, ಅಪ್ಪ ಇನ್ನೊಂದು. ಹುಡುಗಿ ಯಾರ ಮಾತು ಕೇಳಬೇಕೆಂದು ತಿರುಗಿ ನೋಡುವಷ್ಟರಲ್ಲಿ ಶಟಲ್ ನೆಲಕ್ಕೆ.

ಇವೆಲ್ಲ ಹಾಗಿರಲಿ. ನಿಜವಾದ ಶಿಕ್ಷೆ ಇರುವುದು ಸ್ಕೂಟರಿನಲ್ಲಿ. ಮ್ಯಾಚ್ ಮುಗಿಯಿತು, ಹುಡುಗ ಸೊನ್ನೆಗೆ ಔಟು, ಹಿಂದಿನ ಸೀಟಿನಲ್ಲಿ ಬ್ಯಾಗಿನ ಜೊತೆ ಕೂತಿದ್ದಾನೆ. ಇಳಿದು ಹೋಗುವಂತಿಲ್ಲ, ಬಾಗಿಲು ಹಾಕಿಕೊಳ್ಳುವಂತಿಲ್ಲ. ಮೊದಲ ಸಿಗ್ನಲ್‌ನಲ್ಲಿ ಶುರು: "ಆ ಬಾಲ್ ಬಿಡಬಹುದಿತ್ತಲ್ವಾ?" ಎರಡನೇ ಸಿಗ್ನಲ್: "ಕಾಲೇ ಮುಂದೆ ಬರಲಿಲ್ಲ ನಿಂದು." ಮೂರನೆಯದು ಕೆಂಪಾದರೆ ಫೀಸಿನ ಲೆಕ್ಕ, ಥ್ರೋಡೌನಿಗೆ ಬೇರೆ ಕೊಟ್ಟ ದುಡ್ಡು, ತಾನು ರಜೆ ಹಾಕಿದ ದಿನಗಳು. ಬೆಂಗಳೂರಿನ ಟ್ರಾಫಿಕ್ಕು ಗೊತ್ತಲ್ಲ, ಒಂದು ಸೊನ್ನೆಯ ವಿಚಾರಣೆ ಮುಕ್ಕಾಲು ಗಂಟೆ ನಡೆಯುತ್ತದೆ. ಸೊನ್ನೆ ಹೊಡೆದದ್ದು ಆ ಹುಡುಗನಿಗೆ ಗೊತ್ತಿಲ್ಲವೇ? ಇಡೀ ಮೈದಾನದಲ್ಲಿ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನು ಅವನೊಬ್ಬನೇ. ಅಷ್ಟು ಹೊತ್ತಿನಲ್ಲಿ ಅವನಿಗೆ ಬೇಕಾಗಿರುವುದು ಒಂದು ಮಸಾಲೆ ದೋಸೆ.

ಅಕ್ಕನ ಮೊಮ್ಮಗನ ಗೆಳೆಯನೊಬ್ಬ ಹೇಳಿದನಂತೆ: "ನಮ್ಮಪ್ಪ ಊರಿಗೆ ಹೋದಾಗ ಮ್ಯಾಚ್ ಇಟ್ರೆ ಮಜಾ ಇರುತ್ತೆ ಅಜ್ಜಿ." ಒಳ್ಳೆಯ ಬೌಲರ್ ಅಂತೆ ಅವನು. ಅಪ್ಪ ಕ್ಯಾಂಪ್ ಮುಗಿದ ಮೇಲೆ ಸಂಜೆ ಮನೆಯ ಹತ್ತಿರವೂ ಬೌಲಿಂಗ್ ಮಾಡಿಸುತ್ತಾರೆ, ಎಷ್ಟು ಓವರೋ ದೇವರೇ ಬಲ್ಲ. ಅಮೆರಿಕದ ಲಿಟ್ಲ್ ಲೀಗ್ ಬೇಸ್‌ಬಾಲಿನಲ್ಲಿ 11-12 ವರ್ಷದ ಹುಡುಗ ದಿನಕ್ಕೆ 85 ಎಸೆತ ದಾಟುವಂತಿಲ್ಲ. ಎಣಿಸಲಿಕ್ಕೆಂದೇ ಒಬ್ಬರನ್ನು ನೇಮಿಸಿರುತ್ತಾರೆ. ನಮ್ಮಲ್ಲಿ ರನ್ ಎಣಿಸುವವರಿಗೆ ಕೊರತೆಯಿಲ್ಲ, ಭುಜ ಎಣಿಕೆಗೆ ಬರುವುದು ಎಕ್ಸ್-ರೇ ತೆಗೆಸಿದ ಮೇಲೆ.

ಎಕ್ಸ್-ರೇ ಅಂದಾಗ ಇನ್ನೊಂದು. ಹುಡುಗನ ಜನ್ಮದಿನಾಂಕವನ್ನೇ ಒಂದೆರಡು ವರ್ಷ ಮುಂದೂಡುವ ಮಹನೀಯರೂ ಇದ್ದಾರೆ. ಅಂಥವರಿಂದಾಗಿಯೇ ಬಿಸಿಸಿಐ ಮಣಿಕಟ್ಟಿನ ಮೂಳೆಯ ಎಕ್ಸ್-ರೇ ತೆಗೆಸಿ ವಯಸ್ಸು ಅಂದಾಜು ಮಾಡಬೇಕಾಗಿ ಬಂದದ್ದು. ಅಪ್ಪ ಬರೆಸಿದ ವಯಸ್ಸು ಒಂದು, ಮೂಳೆ ಹೇಳುವ ವಯಸ್ಸು ಇನ್ನೊಂದು. 2015ರಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ನಮ್ಮ ದ್ರಾವಿಡ್ ಈ ಚಾಳಿಯನ್ನು ಖಾರವಾಗಿಯೇ ಖಂಡಿಸಿದ್ದರು. ಸಾಮಾನ್ಯವಾಗಿ ಅವರು ಖಾರ ಹಾಕುವವರಲ್ಲ. ಅದಕ್ಕೇ ನನಗೆ ನೆನಪು.

"ಅಭ್ಯಾಸ ಬೇಡ್ವಾ ಹಾಗಾದ್ರೆ? ಸುಮ್ನೆ ಚಾಂಪಿಯನ್ ಆಗ್ತಾರಾ?" ಅಕ್ಕ ಗೋಡೆಯ ಆ ಬದಿಯಿಂದ ಪಾಟಿಸವಾಲು ಹಾಕಿದರು.

ಬೇಕು ಮಹರಾಯ್ತಿ, ಯಾರು ಬೇಡ ಅಂದರು? ಪ್ರಕಾಶ್ ಪಡುಕೋಣೆ ಅಭ್ಯಾಸ ಮಾಡಿದ್ದೆಲ್ಲಿ? ನಮ್ಮ ಮಲ್ಲೇಶ್ವರದ ಕೆನರಾ ಯೂನಿಯನ್ ಕಲ್ಯಾಣ ಮಂಟಪದಲ್ಲಿ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಹಾಲ್‌ನಲ್ಲಿ ಮದುವೆ ಇದ್ದರೆ ಆಟ ಬಂದ್. ಅಂದರೆ ಯಾರದೋ ಮನೆಯ ಮುಹೂರ್ತ ಇವರಿಗೆ ಕಡ್ಡಾಯ ರಜೆ. ಆಷಾಢದಲ್ಲಿ ಪುಷ್ಕಳ ಅಭ್ಯಾಸ, ಮಾಘ-ವೈಶಾಖ ಬಂದರೆ ವಿಶ್ರಾಂತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯವರು ಈಗ ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ: ವಾರಕ್ಕೆ ಒಂದೆರಡು ದಿನ ಬಿಡುವು, ಒಂದೇ ಆಟಕ್ಕೆ ಬಿದ್ದ ಮಕ್ಕಳಿಗೆ ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳು ಆ ಆಟದಿಂದ ರಜೆ. ನಮ್ಮ ಪುರೋಹಿತರು ಅದನ್ನು ಪಂಚಾಂಗ ನೋಡಿಯೇ ಕೊಟ್ಟಿದ್ದರು. 1980ರಲ್ಲಿ ಪ್ರಕಾಶ್ ಆಲ್ ಇಂಗ್ಲೆಂಡ್ ಗೆದ್ದು ಬಂದರಲ್ಲ, ಮದುವೆಗಳಿಂದೇನೂ ಅಡ್ಡಿಯಾಗಲಿಲ್ಲ.

ಓದಿನ ಕತೆಯೂ ಅಷ್ಟೆ. ಏಳನೇ ಕ್ಲಾಸಿಗೇ ಹುಡುಗನನ್ನು ಶಾಲೆ ಬಿಡಿಸಿ ದಿನವಿಡೀ ನೆಟ್ಸಿಗೆ ಕಳಿಸುವವರನ್ನು ಕಂಡರೆ ನನ್ನ ಮೇಷ್ಟ್ರ ಜೀವ ಕುದಿಯುತ್ತದೆ. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಆರ್.ವಿ. ಕಾಲೇಜಿನ ಇಂಜಿನಿಯರಿಂಗ್ ಇನ್ನೂ ಮುಗಿದಿರಲಿಲ್ಲ. ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಲ್ಯಾಬ್ ರೆಕಾರ್ಡ್ ಬರೆದದ್ದರಿಂದ ಯಾರ ವಿಕೆಟ್ಟೂ ಕಡಿಮೆಯಾಗಲಿಲ್ಲ. ಹಾಗೆಂದು ಎಲ್ಲರೂ ಇಂಜಿನಿಯರ್ ಆಗಲಿ ಎನ್ನುತ್ತಿಲ್ಲ. ಆ ಹುಚ್ಚು ಬಿಟ್ಟು ಈ ಹುಚ್ಚು ಹಿಡಿದವರೇ ಈಗ ಮರದ ಕೆಳಗೆ ಕೂತಿರುವುದು.

ನಾರ್ವೆಯ ಸುದ್ದಿ ಹೇಳಿದಾಗ ಅಕ್ಕ ನಂಬಲೇ ಇಲ್ಲ. ಅಲ್ಲಿ ಹನ್ನೊಂದು ತುಂಬದ ಮಕ್ಕಳ ಆಟಕ್ಕೆ ಫಲಿತಾಂಶ ಪಟ್ಟಿ, ರ‍್ಯಾಂಕು ಇವೇನೂ ಪ್ರಕಟಿಸುವಂತಿಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಆಟದ ಸಂಸ್ಥೆಗಳೇ ಸೇರಿ ಮಾಡಿಕೊಂಡ ನಿಯಮ.

"ಹಾಗಾದ್ರೆ ವಾಟ್ಸಾಪ್ ಸ್ಟೇಟಸ್ಸಿಗೆ ಏನು ಹಾಕ್ತಾರೆ?"

"ಅದು ಗೊತ್ತಿಲ್ಲ ಅಕ್ಕ. ಆದರೆ ಬೆಂಗಳೂರಿಗಿಂತ ಕಡಿಮೆ ಜನ ಇರೋ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕ ತಗೊಂಡು ಎಲ್ಲರಿಗಿಂತ ಮುಂದಿತ್ತು."

"ಹಿಮ ಇದೆಯಲ್ಲ ಅವರಿಗೆ" ಅಂದರು ಅಕ್ಕ. ಸುಲಭಕ್ಕೆ ಸೋಲುವವರಲ್ಲ.

ನಾನೂ ಬಿಡಲಿಲ್ಲ. ಒಳ್ಳೆಯವರು ಯಾರೂ ಇರಲೇ ಇಲ್ಲವೇ ಅಲ್ಲಿ ಎಂದೆ. ಇದ್ದರಂತೆ. ಒಬ್ಬಾಕೆ ಎದುರು ಟೀಮಿನ ಹುಡುಗ ಕ್ಯಾಚ್ ಹಿಡಿದಾಗಲೂ ಚಪ್ಪಾಳೆ ತಟ್ಟಿದರು. ಔಟಾದದ್ದು ಅವರದೇ ಮಗ ಎಂದು ಆಮೇಲೆ ತಿಳಿಯಿತು. ಇನ್ನೊಬ್ಬರು ಪೇಪರ್ ಓದುತ್ತ ಕೂತಿದ್ದು, ಮಗ ಬಂದಾಗ "ಹಸಿವಾಯ್ತೇನೋ?" ಎಂದಷ್ಟೇ ಕೇಳಿದರು. ಆ ಹುಡುಗ ಎಷ್ಟು ರನ್ ಹೊಡೆದ ಅಂದರೆ ಅಕ್ಕನಿಗೆ ನೆನಪಿಲ್ಲ.

"ಜಗಳ ಕೊನೆಗೆ ಹೇಗೆ ನಿಂತಿತು?"

"ನಾನೇ ನಿಲ್ಲಿಸಿದೆ" ಎಂದರು ಅಕ್ಕ ತಣ್ಣಗೆ. ಮಕ್ಕಳಿಗೆಂದು ತಂದಿದ್ದ ಚಕ್ಕುಲಿ ಡಬ್ಬಿ ತೆಗೆದುಕೊಂಡು ಹೋಗಿ ಮೊದಲು ಅಂಪೈರ್ ಹುಡುಗನಿಗೆ, ಆಮೇಲೆ ಚಪ್ಪಲಿಯವರಿಗೆ, ಆಮೇಲೆ ಎರಡೂ ಮರದ ಕೆಳಗಿನವರಿಗೆ ಹಂಚಿದರಂತೆ. ಕಡಿಯುತ್ತ ಕೂಗಲು ಯಾರಿಗೂ ಆಗುವುದಿಲ್ಲ. ಭರ್ತಿ ಎರಡು ಓವರ್ ಮೈದಾನದಲ್ಲಿ ಹುಡುಗರ ದನಿ ಬಿಟ್ಟರೆ ಕರುಂಕುರುಂ ಸದ್ದೊಂದೇ.

"ಎರಡೇ ಓವರಾ?"

"ಚಕ್ಕುಲಿ ಗರಿಯಾಗಿತ್ತು ಮೇಷ್ಟ್ರೇ, ಬೇಗ ಮುಗಿದುಹೋಯ್ತು. ಬರೋ ಭಾನುವಾರಕ್ಕೆ ಕೋಡುಬಳೆ ಮಾಡ್ತೀನಿ. ಸ್ವಲ್ಪ ಗಟ್ಟಿಯಾಗೇ."