ವಿಮಾನ ಯಾನ್ ತೆಗೀತದ್ರಿ?

ಇಂಗ್ಲಿಷಿನ ದೊಡ್ಡ ಶಬ್ದಗಳಿಗೆ ನಾನು ಹೆದರಿದವನಲ್ಲ. ಅವು ದೂರದ ಬೀಗರಿದ್ದ ಹಾಗೆ. ಅಪರೂಪಕ್ಕೆ ಬರುತ್ತವೆ, ಒಂದೇ ಅರ್ಥ ಹೇಳಿ ಮರ್ಯಾದೆಯಿಂದ ಎದ್ದು ಹೋಗುತ್ತವೆ. ನನ್ನನ್ನು ಹೈರಾಣು ಮಾಡಿದ್ದು ‘ಟೇಕ್’ ಎಂಬ ಗಿಡ್ಡ. ಒಬ್ಬನೇ ಬಂದರೆ ಹೇಗೋ ಸಂಭಾಳಿಸಬಹುದು. ಅಪ್, ಇನ್, ಓವರ್, ಆಫ್ ಎಂಬ ಪಟಾಲಂ ಕಟ್ಟಿಕೊಂಡೇ ಬರುತ್ತಾನೆ.

ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪುಣ್ಯಾತ್ಮ 1755ರ ತನ್ನ ನಿಘಂಟಿನಲ್ಲಿ ಈ ಟೇಕ್ ಒಂದಕ್ಕೇ 134 ಅರ್ಥ ಬರೆದಿಟ್ಟ. ಇಂಥ ಜೋಡಿಗಳು ಪರದೇಶದವರಿಗೆ ಬಲು ಕಷ್ಟ ಅಂತ ಮುನ್ನುಡಿಯಲ್ಲೇ ಎಚ್ಚರಿಸಿದ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ. ಜಾನ್ಸನ್ ಹೇಳಿದ ಆ ಪರದೇಶದವ ಬೀದರಿನ ಮೈಲೂರಿನಲ್ಲಿ ಮಾಳಿಗೆ ಮೇಲೆ ಕೂತಿದ್ದಾನೆ. ಓಣಿಯ ಹುಡುಗರಿಗೆ ಫುಕಟ್ ಇಂಗ್ಲಿಷ್ ಹೇಳಿಕೊಡುವ ಚಟ ಅವನಿಗೆ.

ಫುಕಟ್ ಯಾಕೆಂದರೆ, ರೊಕ್ಕ ತೊಗೊಂಡು ಕಲಿಸುವವರ ಮೇಲೆ ನನಗೆ ಸಿಟ್ಟು. ‘ಮೂವತ್ತು ದಿನದಲ್ಲಿ ಫಟಾಫಟ್ ಇಂಗ್ಲಿಷ್’ ಎಂದು ಗೋಡೆಗೆ ಬರೆಸುತ್ತಾರೆ, ಒಂದು ಝೆರಾಕ್ಸ್ ಹಾಳೆ ಕೈಗಿಟ್ಟು ಬಾಯಿಪಾಠ ಮಾಡಿಸುತ್ತಾರೆ. ಟೇಕ್ ಆಫ್ಟರ್ ಅಂದರೆ ಹೋಲು, ಟೇಕ್ ಆಫ್ ಅಂದರೆ ಹಾರು. ಬಾಯಿಪಾಠ ಮಾಡಿದವನೊಬ್ಬ ‘ಐ ಟುಕ್ ಆಫ್ ಮೈ ಶೂಸ್’ ಎಂಬುದನ್ನು ‘ನಾನು ನನ್ನ ಬೂಟು ಹಾರಿಸಿದೆನು’ ಎಂದು ಬರೆದ. ಹಾಳೆಯ ಪ್ರಕಾರ ಅವನದೇನೂ ತಪ್ಪಿಲ್ಲ.

ಚಳಿಗಾಲದ ಒಂದು ಸಂಜೆ ನಮ್ಮ ವಾಯುನೆಲೆಯಿಂದ ಹಾಕ್ ವಿಮಾನವೊಂದು ಓಣಿ ನಡುಗುವಂತೆ ಎದ್ದಿತು. ಸೂರ್ಯಕಿರಣ ತಂಡ ಬೀದರಿನದೇ ಅಲ್ಲವೆ, ನಮಗೆ ಆಕಾಶದಲ್ಲಿ ಸರ್ಕಸ್ಸು ನಿತ್ಯದ್ದು. ಉದಾಹರಣೆ ತಾನಾಗಿ ತಲೆಯ ಮೇಲೆ ಬಂದದ್ದಕ್ಕೆ ಹಿಗ್ಗಿ, ‘ನೋಡ್ರೋ, ಟೇಕ್ ಆಫ್ ಅಂದ್ರ ಇದು!’ ಎಂದೆ.

ಮೂಲೆಯಲ್ಲಿದ್ದ ಒಬ್ಬ ಕೈಯೆತ್ತಿದ. ‘ಸರ್, ಟೇಕ್ ಅಂದ್ರ ತೊಗೊಳ್ಳೋದು. ವಿಮಾನ ಯಾನ್ ತೊಗೋತದ್ರಿ?’

‘ತೊಗೊಳ್ಳೋದಲ್ಲೋ. ಆಫ್ ಕೂಡಿದ್ರ ತೆಗಿಯೋದು.’

‘ಹಂಗಾದ್ರ ಯಾನ್ ತೆಗೀತದ್ರಿ?’

ಇದಕ್ಕೆ ಜಾನ್ಸನ್ ಕೂಡ ನೀರು ಕುಡಿಯುತ್ತಿದ್ದ. ನಾನು ಎದ್ದು ನಿಂತೆ. ಮೊದಲು ಚಪ್ಪಲಿ ಬಿಟ್ಟೆ: ಟೇಕ್ ಆಫ್. ಮಂಕಿ ಟೋಪಿ, ಕನ್ನಡಕ, ಸ್ವೆಟರ್: ಟೇಕ್ ಆಫ್. ಹುಡುಗರು ಒಂದೊಂದಕ್ಕೂ ಕೂಗತೊಡಗಿದ್ದರಿಂದ ಹುರುಪು ಏರಿ ಅಂಗಿಯನ್ನೂ ತೆಗೆದೆ. ಬೀದರಿನ ಚಳಿ ಬನಿಯನ್ನಿನೊಳಗೆ ಹೊಕ್ಕಿತು, ಲೆಕ್ಕಿಸಲಿಲ್ಲ. ಯಾರನ್ನಾದರೂ ಅಣಕಿಸಿದರೂ ಟೇಕ್ ಆಫ್ ತಾನೆ? ಹೊಟ್ಟೆ ಮುಂದೆ ಬಿಟ್ಟು, ಕೈ ಹಿಂದೆ ಕಟ್ಟಿ, ಕೆಮ್ಮುತ್ತ ಒಬ್ಬ ಹೆಡ್‌ಮಾಸ್ತರರ ಹಾಗೆ ನಡೆದೆ. ಉಳಿದದ್ದು ವಿಮಾನ. ಎರಡೂ ತೋಳು ಚಾಚಿ, ಬಾಯಲ್ಲಿ ಘುರ್ರೆನ್ನಿಸುತ್ತ, ನೀರಿನ ಟಾಕಿಯಿಂದ ಮೆಟ್ಟಿಲ ತನಕ ಬರಿಗಾಲಲ್ಲಿ ಓಡಿದೆ. ನೆಲ ಬಿಡುವುದೊಂದು ಬಾಕಿ. ಒಂದು ಸುತ್ತಿನಲ್ಲಿ ಅರ್ಥವಾಗಿತ್ತು. ಎರಡನೆಯದು ನನ್ನ ಖುಷಿಗೆ.

ಪಕ್ಕದ ಮಾಳಿಗೆಯಲ್ಲಿ ಒಣಮೆಣಸಿನಕಾಯಿ ಎತ್ತುತ್ತಿದ್ದ ಆಯಿ ಮೊರ ಕೆಳಗಿಟ್ಟು ಕೈಮುಗಿದಳು. ‘ಏ ಹುಡುಗ್ರಾ, ನೋಡ್ಕೋತ ಯಾನ್ ನಿಂತೀರಿ? ಮಾಸ್ತರ ಮೈಯಾಗ ಖಾನಾಪುರ ಮಲ್ಲಣ್ಣ ಬಂದಾನ, ಭಂಡಾರ ತರ್ರಿ!’

ಭಾಲ್ಕಿ ತಾಲ್ಲೂಕಿನ ಮೈಲಾರ ಮಲ್ಲಣ್ಣನ ಹೆಸರು ಬಿದ್ದ ಮೇಲೆ ತಡವೆಲ್ಲಿ? ಒಬ್ಬ ಓಡಿಹೋಗಿ ನಮ್ಮ ಅಡುಗೆಮನೆಯ ಅರಿಶಿನದ ಡಬ್ಬಿ ತಂದ. ಅವನ ಹಿಂದೆ ನನ್ನ ಹೆಂಡತಿ ಬಂದಳು.

‘ಯಾನ್ ನಡಿಸೀರಿ ಇದು? ಮೊದ್ಲು ಅಂಗಿ ಹಾಕ್ಕೋರಿ.’

‘ಅದು ಪುಟ್ ಆನ್,’ ಎಂದೆ ಹಣೆಯ ಅರಿಶಿನ ಒರೆಸಿಕೊಳ್ಳುತ್ತ. ‘ನಾಳಿನ ಪಾಠ.’

ಆಯಿಯ ಮಗ ಆಕೆಯನ್ನು ಗದರಿದ, ಆಕೆ ಬಿಟ್ಟಾಳೆಯೆ? ‘ನಾ ಮಾತ್ ತೆಗದ್ರ ಸಾಕು ಜಗಳ ತೆಗಿತಿ! ಬ್ಯಾಂಕಿನಾಗಿನ ರೊಕ್ಕ ತೆಗದಿ, ನನ್ನ ಖಾನಾಪುರಕ್ಕ ಒಯ್ಯಲಾಕ ಒಂದ್ ಟಿಕೀಟ್ ತೆಗೀಲಿಲ್ಲ. ನಾ ಅಂದದ್ದರಾಗ ತಪ್ಪ್ ಬ್ಯಾರೆ ತೆಗೀಲತ್ತಿ!’ ಒಂದೇ ಉಸಿರಿನಲ್ಲಿ ಇಷ್ಟು ‘ತೆಗಿ’. 1894ರಲ್ಲಿ ಕನ್ನಡ ನಿಘಂಟು ಮುಗಿಸಿದ ಕಿಟೆಲ್ ಸಾಹೇಬರು ಅಲ್ಲಿದ್ದಿದ್ದರೆ ಟಿಪ್ಪಣಿ ಪುಸ್ತಕ ಹುಡುಕುತ್ತಿದ್ದರು. ಆಯಿಗೆ ಯಾರೂ ಝೆರಾಕ್ಸ್ ಹಾಳೆ ಕೊಟ್ಟಿರಲಿಲ್ಲ.

ನನಗೆ ಅಪ್ಪ ನೆನಪಾದರು. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಓದಿ ಕಾರಕೂನರಾದವರು. 1956ರ ನವೆಂಬರ್ 1ಕ್ಕೆ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯಲ್ಲಿ ಕನ್ನಡ ಬರೆಯಬೇಕಾಗಿ ಬಂತು. ಅಪ್ಪ ಜೀವನವಿಡೀ ಮಾತಾಡಿದ್ದು ಕನ್ನಡವೇ ಆದರೂ ಅದನ್ನು ಬರೆದು ಗೊತ್ತಿರಲಿಲ್ಲ. ಊರೇ ಹೊಗಳುವ ಉರ್ದು ಅಕ್ಷರದ ಆ ಕೈ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣನ ಪಾಟಿ ಹಿಡಿದು ಒತ್ತಕ್ಷರ ತಿದ್ದುತ್ತಿತ್ತಂತೆ. ಕಚೇರಿಯಲ್ಲಿ ನಗುವವರು ನಕ್ಕರು ಎಂದು ಅವ್ವ ಹೇಳುತ್ತಿದ್ದಳು. ಅಪ್ಪ ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ಬೂಟು ಹಾರಿಸಿದ ಹುಡುಗನ ವಾಕ್ಯ ಓದಿ ನಾನು ಮನಸಾರೆ ನಕ್ಕಿದ್ದೆ. ಆಮೇಲೆ ಗಂಟಲು ಯಾಕೋ ಸರಿಯಿರಲಿಲ್ಲ. ಚಳಿಗೆ ಇರಬೇಕು.

ಮರುದಿನ ಟೇಕ್ ಆಫ್ ಬಳಸಿ ಸ್ವಂತ ವಾಕ್ಯ ಬರೆಯಲು ಹೇಳಿದೆ. ಮೂಲೆಯ ಹುಡುಗ ಬರೆದ: ‘ಅವರ್ ಸರ್ ಟೇಕ್ಸ್ ಆಫ್ ಡೇಲಿ.’ ಬಟ್ಟೆಯೋ, ವಿಮಾನವೋ, ಹೆಡ್‌ಮಾಸ್ತರರ ನಕಲೋ, ನಾನು ಕೇಳಲಿಲ್ಲ. ಪೂರ್ತಿ ಅಂಕ ಕೊಟ್ಟು, ‘ಡೇಲಿ’ ಎಂಬುದನ್ನಷ್ಟೇ ಹೊಡೆದುಹಾಕಿದೆ.