ಮರಕುಟಿಗನಿಗೆ ಮಡಿ ಅಡುಗೆ

ನ್ಯೂಜೆರ್ಸಿಯಲ್ಲಿ ಮನೆ ಕೊಂಡ ಕನ್ನಡಿಗರ ಹಿತ್ತಲಿಗೆ ಒಂದು ಕ್ರಮವಿದೆ. ಮೊದಲು ಕರಿಬೇವಿನ ಕುಂಡ ಬರುತ್ತದೆ, ಆಮೇಲೆ ಮೆಂತ್ಯದ ಮಡಿ, ಆಮೇಲೆ ಹೀರೆಕಾಯಿ ಚಪ್ಪರ, ಅದನ್ನು ಮೇಯಲು ಜಿಂಕೆ, ಜಿಂಕೆಯನ್ನು ತಡೆಯಲು ಬೇಲಿ. ಬೇಲಿ ಹಾಕಿಸಿ ಕೈ ಖಾಲಿಯಾದ ಮೇಲೆ ಗಂಡಸರಿಗೆ ಹಕ್ಕಿಗಳು ಕಾಣಿಸತೊಡಗುತ್ತವೆ. ನಮ್ಮವರಿಗೂ ಹಾಗೇ ಆಯಿತು. ಮರದ ಮೇಲಿರುವುದು ಹಕ್ಕಿಯೋ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರೋ ಅಂತ ಅದುವರೆಗೆ ತಲೆ ಎತ್ತಿ ನೋಡದ ಮನುಷ್ಯ, ಒಂದು ನವೆಂಬರಿನಲ್ಲಿ ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿಯ ಮುಂದೆ ನಿಂತು "ಮರಕುಟಿಗ ಕಣೇ!" ಅಂದರು. ನಾನು "ಹೌದಾ" ಅಂದೆ. ಅಷ್ಟಕ್ಕೇ ಕ್ಯಾಮೆರಾ ಬಂತು.

ಕ್ಯಾಮೆರಾದ ಜೊತೆಗೆ 200-600 ಮಿಲಿಮೀಟರಿನ ಲೆನ್ಸೂ ಬಂತು. "ಎಷ್ಟಾಯ್ತು?" ಅಂದದ್ದಕ್ಕೆ "ಡೀಲ್‌ನಲ್ಲಿ ಸಿಕ್ತು" ಅಂದರು. ಕ್ಯಾಮೆರಾ ಕೊಂಡ ಪ್ರತಿಯೊಬ್ಬ ಕನ್ನಡಿಗನ ಒಳಗೂ ಒಬ್ಬ ಪೂರ್ಣಚಂದ್ರ ತೇಜಸ್ವಿ ಎದ್ದು ಕೂರುತ್ತಾರೆ. ಆದರೆ ಮೂಡಿಗೆರೆಯ ತೋಟದಲ್ಲಿ ಅವರು ಹಕ್ಕಿಗಳ ಚಿತ್ರ ತೆಗೆದದ್ದು ಫಿಲ್ಮಿನ ಕಾಲದಲ್ಲಿ, ಒಂದೊಂದು ಕ್ಲಿಕ್ಕಿಗೂ ದುಡ್ಡು ಬೀಳುತ್ತಿದ್ದಾಗ. ನಮ್ಮವರ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ, ಪುಕ್ಕಟೆ. ಹಾಗಾಗಿ ತೇಜಸ್ವಿಯವರಿಂದ ಇವರಿಗೆ ಗಡ್ಡವೊಂದು ಇಳಿದು ಬಂತು. 'ಹಕ್ಕಿ ಪುಕ್ಕ' ಕಪಾಟಿನಲ್ಲೇ ಉಳಿಯಿತು.

ಅದೇ ತಿಂಗಳು ತಿಪಟೂರಿನಿಂದ ಅತ್ತೆ ಬಂದರು. ಆರು ತಿಂಗಳ ವೀಸಾ ಮುದ್ರೆ, ಎರಡು ಸೂಟ್‌ಕೇಸು, ಅದರಲ್ಲಿ ಒಂದು ಪೂರ್ತಿ ಸಾರಿನಪುಡಿ, ಮೆಣಸಿನಪುಡಿ ಮತ್ತು ಕೊಬ್ಬರಿ.

ಮರಕುಟಿಗ ದೂರದ ಮರದಲ್ಲಿದ್ದರೆ 600 ಮಿಲಿಮೀಟರೂ ಸಾಲದಂತೆ. ಹತ್ತಿರ ಕರೆಯಲು ಊಟ ಹಾಕಬೇಕು. ಹಕ್ಕಿಮೇವು ಮಾರುವ ಅಂಗಡಿಯಲ್ಲಿ ವಿಚಾರಿಸಿಕೊಂಡು ಇವರು ಬಿಳಿಯ ಚೌಕ ಬಿಲ್ಲೆಗಳನ್ನೂ ಅದನ್ನಿಟ್ಟು ನೇತುಹಾಕುವ ತಂತಿ ಪಂಜರವನ್ನೂ ತಂದರು. ಬಿಲ್ಲೆ ಮೆತ್ತಗಾಗಬಾರದೆಂದು ಫ್ರಿಜ್ಜಿನಲ್ಲಿ, ದೋಸೆಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಇಟ್ಟರು. ಅತ್ತೆ ಅಮೆರಿಕಕ್ಕೆ ಬಂದ ಮೊದಲ ಸಲವೇ ಡಬ್ಬಿಯ ಹಿಂಬದಿ ಓದುವುದನ್ನು ಕಲಿತವರು. ಬಿಸ್ಕತ್ತು, ಚೀಸು, ಮಗಳ ಗಮ್ಮಿ ವಿಟಮಿನ್ನು, ಯಾವುದನ್ನೂ ಬಿಟ್ಟವರಲ್ಲ. ಕನ್ನಡಕ ಏರಿಸಿ ಬಿಲ್ಲೆಯನ್ನು ತಿರುಗಿಸಿದರು. "ರೆಂಡರ್ಡ್ ಬೀಫ್ ಸ್ಯೂಯೆಟ್ ಅಂದ್ರೇನೋ?"

ಇವರು ತಡವರಿಸಿದರು. ಮಗಳು ತಡವರಿಸಲಿಲ್ಲ. ಹಸುವಿನ ಕಿಡ್ನಿಯ ಸುತ್ತ ಇರುವ ಕೊಬ್ಬು ಅಜ್ಜಿ, ಅದನ್ನು ಕರಗಿಸಿ ಹೆಪ್ಪುಗಟ್ಟಿಸುತ್ತಾರೆ ಅಂತ ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು.

ಮುಂದಿನದನ್ನು ವಿವರಿಸುವುದಿಲ್ಲ. ದೋಸೆಹಿಟ್ಟು ಹೊರಗೆ ಹೋಯಿತು, ಫ್ರಿಜ್ಜಿಗೆ ಅರಿಸಿನದ ನೀರಿನ ಅಭಿಷೇಕವಾಯಿತು, ಅವತ್ತು ಅತ್ತೆ ಬಾಳೆಹಣ್ಣಿನ ಮೇಲೇ ದಿನ ಕಳೆದರು. ಸಂಜೆ ಇವರು ವಾದಕ್ಕೆ ಕೂತರು. "ಅಮ್ಮಾ, ಆ ಹಕ್ಕಿ ದಿನಾ ಹುಳ ತಿನ್ನುತ್ತೆ. ಅದು ಹುಟ್ಟಾ ನಾನ್‌ವೆಜ್ಜು."

"ಅದು ಮರದಲ್ಲಿ ಏನು ತಿನ್ನುತ್ತೋ ಅದರ ಕರ್ಮ. ನಮ್ಮನೇಲಿ ತಿಂದ್ರೆ ನಮ್ಮನೆ ಊಟ."

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಡಲೆಬೀಜ ಹುರಿಯುವ ವಾಸನೆ. ನಾನು ಚಟ್ನಿಗೆ ಅಂದುಕೊಂಡೆ. ಅತ್ತೆ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಬಟ್ಟೆಯಲ್ಲಿ ಕಟ್ಟಿ ಉಜ್ಜಿ, ಸ್ಟೀಲ್ ತಟ್ಟೆಗೆ ಸುರಿದು, ಡೆಕ್ಕಿಗೆ ಹೋಗಿ ಗಾಳಿಗೆ ಸಿಪ್ಪೆ ತೂರಿಕೊಂಡು ಬಂದರು. ತರಿತರಿಯಾಗಿ ಪುಡಿ ಮಾಡಿದರು. ಅದಕ್ಕೆ ಮೆಕ್ಕೆಜೋಳದ ಹಿಟ್ಟು. ಇನ್ನು ಹಿಡಿದಿಡುವುದಕ್ಕೆ ಜಿಡ್ಡು ಬೇಕಲ್ಲ? ತಿಪಟೂರಿನವರಿಗೆ ಅದನ್ನು ಹೇಳಿಕೊಡಬೇಕೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ತಿಪಟೂರಿನಲ್ಲಿ ಧನುರ್ಮಾಸದ ಬೆಳಿಗ್ಗೆ ಮಾತ್ರ ಕಾಣುವ ಈ ವಿದ್ಯಮಾನ ನಮ್ಮ ಮನೆಯಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಎಣ್ಣೆ ಕರಗಿಸಿ, ಪುಡಿ ಕಲಸಿ, ತೊಳೆದಿಟ್ಟ ಮೊಸರಿನ ಡಬ್ಬಿಗಳಿಗೆ ಹಾಕಿ ಗರಾಜಿನಲ್ಲಿಟ್ಟರು. ಗಂಟೆಯೊಳಗೆ ಬಿಲ್ಲೆ ತಯಾರು. ಹಕ್ಕಿಗೆ ಉಪ್ಪು ಹಾಕಬಾರದು ಅಂತ ಇವರು ಹೇಳಿದ ಒಂದೇ ಒಂದು ಸಲಹೆಯನ್ನು ಮಾತ್ರ ಗೊಣಗಿಕೊಂಡು ಒಪ್ಪಿದರು. ಉಪ್ಪಿಲ್ಲದ ಅಡುಗೆಯನ್ನು ಯಾರು ಮೂಸಿ ನೋಡುತ್ತಾರೆ ಅನ್ನುವುದು ಅವರ ಅನುಮಾನ.

ಹಕ್ಕಿ ಮೂಸಿ ನೋಡದೆಯೇ ತಿಂದಿತು. ಬಂದದ್ದು ಡೌನಿ, ಉತ್ತರ ಅಮೆರಿಕದ ಮರಕುಟಿಗಗಳಲ್ಲೆಲ್ಲ ಚಿಕ್ಕದು, ಆರು ಇಂಚಿನ ಜೀವ. ಬಿಳಿ ಬೆನ್ನು, ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ಎರಡು ಬೆರಳು ಮುಂದೆ, ಎರಡು ಬೆರಳು ಹಿಂದೆ ಮಾಡಿ ಪಂಜರದ ತಂತಿ ಹಿಡಿದು, ಗಡುಸು ಬಾಲವನ್ನು ಊರುಗೋಲಾಗಿಸಿ ನೆಟ್ಟಗೆ ನಿಂತು ಶುರುಮಾಡಿತು. ಅತ್ತೆಗೆ ಕಣ್ಣಲ್ಲಿ ನೀರು. "ಊರಲ್ಲಿ ತಿಥಿ ದಿನ ಕಾಗೆ ಎಷ್ಟು ಹೊತ್ತು ಕಾಯಿಸುತ್ತೆ ನೋಡು. ಈ ಮಗೂಗೆ ಎಷ್ಟು ಮರ್ಯಾದೆ!"

ಅಂದಿನಿಂದ ಹಕ್ಕಿಗಳು ಅತ್ತೆಯ ಪಂಕ್ತಿಗೆ ಸೇರಿದವು. ಇವರು ಲೆನ್ಸಿನಲ್ಲಿ ಗರಿಯ ಎಳೆ ಎಣಿಸುತ್ತಿದ್ದರೆ ಅತ್ತೆ ಬರಿಗಣ್ಣಲ್ಲಿ ಸಂಸಾರ ನೋಡುತ್ತಿದ್ದರು. ಡೌನಿಯಲ್ಲಿ ಹಿಂದಲೆಯ ಮೇಲೆ ಕೆಂಪು ಬೊಟ್ಟು ಇರುವುದು ಗಂಡಿಗೆ, ಹೆಣ್ಣಿಗಿಲ್ಲ. "ಇದ್ಯಾವ ದೇಶದ ಪದ್ಧತಿಯೇ, ಗಂಡಿಗೆ ಕುಂಕುಮ, ಹೆಣ್ಣಿನ ತಲೆ ಬೋಳು!" ಅಂತ ನನ್ನನ್ನು ಕೇಳಿದರು. ಗಂಡು ಬಂದರೆ ಹೆಣ್ಣು ಸರಿದು ಕಾಂಡಕ್ಕೆ ಹೋಗುವುದನ್ನೂ ಅವರೇ ಗುರುತಿಸಿದ್ದು. ಪುಸ್ತಕದಲ್ಲಿ ನೋಡಿದರೆ ನಿಜ, ಹುಳ ಜಾಸ್ತಿ ಸಿಗುವ ಸಣ್ಣ ಕೊಂಬೆಗಳಿಂದ ಗಂಡು ಡೌನಿ ಹೆಣ್ಣನ್ನು ದೂರವಿಡುತ್ತದಂತೆ. "ಎಲ್ಲಿ ಹೋದ್ರೂ ಮೊದಲ ಪಂಕ್ತಿ ಗಂಡಸರಿಗೇ" ಅಂದರು ಅತ್ತೆ. ಆದರೆ ಅದೇ ಪುಸ್ತಕದಲ್ಲಿ ಮುಂದಕ್ಕೆ ಓದಿದಾಗ, ಮರಕುಟಿಗಗಳಲ್ಲಿ ರಾತ್ರಿಯಿಡೀ ಮೊಟ್ಟೆಗೆ ಕಾವು ಕೊಡುವ ಪಾಳಿ ಗಂಡಿನದೇ ಎಂದಿತ್ತು. ಈ ವಾಕ್ಯವನ್ನು ನಾನು ಇವರಿಗೆ ಕೇಳುವ ಹಾಗೆ, ನಿಧಾನವಾಗಿ, ಮತ್ತೆ ಓದಿದೆ. ಮಗಳು ಕೂಸಾಗಿದ್ದಾಗಿನ ರಾತ್ರಿಗಳು ನೆನಪಿರಬೇಕು, ಲೆನ್ಸ್ ಒರೆಸಲು ಎದ್ದು ಹೋದರು.

ಬಿಲ್ಲೆಯ ಕೀರ್ತಿ ಅಳಿಲುಗಳಿಗೂ ಮುಟ್ಟಿತು. ಇಲ್ಲಿಯ ಅಳಿಲಿಗೂ ರಾಮಾಯಣದ ಅಳಿಲಿಗೂ ಏನೇನೂ ಸಂಬಂಧವಿಲ್ಲ. ಬೂದು ಬಣ್ಣದ ದಾಂಡಿಗ. ಪಂಜರ ಬಿಚ್ಚಿ ಬಿಲ್ಲೆ ಹೊತ್ತೊಯ್ಯುತ್ತದೆ. ಅತ್ತೆ ಮುಂದಿನ ಕಂತಿಗೆ ಗುಂಟೂರು ಮೆಣಸಿನಪುಡಿ ಧಾರಾಳವಾಗಿ ಬೆರೆಸಿದರು. "ಅಮ್ಮಾ, ಹಕ್ಕಿ ಸತ್ತುಹೋಗುತ್ತೆ!" ಅಂತ ಇವರು ಲ್ಯಾಪ್‌ಟಾಪ್ ತೆಗೆದು ಕೂತು, ಹಕ್ಕಿಗಳಿಗೆ ಖಾರ ತಿಳಿಯುವುದೇ ಇಲ್ಲ, ಖಾರದ ಅಂಶಕ್ಕೆ ಸಸ್ತನಿಗಳ ನರ ಉರಿಯುವಂತೆ ಹಕ್ಕಿಗಳದ್ದು ಉರಿಯುವುದಿಲ್ಲ, ಇದೇ ಕಾರಣಕ್ಕೆ ಅಂಗಡಿಯಲ್ಲೂ ಖಾರದ ಬಿಲ್ಲೆ ಮಾರುತ್ತಾರೆ ಎಂದು ರಾತ್ರಿ ಊಟದ ಹೊತ್ತಿಗೆ ಕಂಡುಹಿಡಿದರು. ಅತ್ತೆ ಮಜ್ಜಿಗೆ ಬಡಿಸುತ್ತಾ, "ಪಂಜರದ ಗಿಳಿಗೆ ಏನೋ ಕೊಡ್ತಿದ್ದೆ ನೀನು ಚಿಕ್ಕವನಿದ್ದಾಗ? ಮೆಣಸಿನಕಾಯಿ ತಾನೆ?" ಅಂದರು.

ಒಂದು ಅಳಿಲು ಮಾತ್ರ ತಿಂದು, ಮೂತಿ ಹುಲ್ಲಿಗೆ ಒರೆಸಿಕೊಂಡು, ಮತ್ತೆ ಬಂದು ತಿಂದಿತು. ಅದರ ಹಿಂದಿನ ಜನ್ಮ ಆಂಧ್ರದ ಕಡೆಯದಿರಬೇಕು.

ಹಕ್ಕಿಯ ತಲೆನೋವಿನ ಪ್ರಶ್ನೆಯನ್ನು ಎತ್ತಿದವರೂ ಅತ್ತೆಯೇ, ಅಮೃತಾಂಜನ ಹಚ್ಚಿಕೊಳ್ಳುತ್ತಾ. ಇಷ್ಟು ಕುಟ್ಟಿದರೆ ತಲೆ ನೋಯಲ್ವಾ? ಇದು ಸಣ್ಣ ಪ್ರಶ್ನೆಯಲ್ಲ. ಮರಕುಟಿಗನಿಗೆ ತಲೆನೋವೇಕೆ ಬರುವುದಿಲ್ಲ ಎಂದು ವಿವರಿಸಿದ ಕ್ಯಾಲಿಫೋರ್ನಿಯಾದ ಇವಾನ್ ಶ್ವಾಬ್ ಮತ್ತು ಫಿಲಿಪ್ ಮೇ ಅವರಿಗೆ 2006ರಲ್ಲಿ ಇಗ್ ನೊಬೆಲ್ ಬಂದಿದೆ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ತಲೆಬುರುಡೆ ಏಟನ್ನು ಹೀರಿಕೊಳ್ಳುತ್ತದೆ ಎಂದೇ ಬಹುಕಾಲ ನಂಬಿಕೆಯಿತ್ತು. 2022ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಹೈ-ಸ್ಪೀಡ್ ವಿಡಿಯೋ ತೆಗೆದು ನೋಡಿದರೆ, ಹೀರುವುದೂ ಇಲ್ಲ ಏನೂ ಇಲ್ಲ, ತಲೆ ಅಪ್ಪಟ ಸುತ್ತಿಗೆ. ಏಟು ಹೀರಿಕೊಂಡರೆ ಮರ ಕುಟ್ಟುವುದು ಹೇಗೆ? ಹಾಗಾದರೆ ಮಿದುಳು ಹೇಗೆ ಉಳಿಯುತ್ತದೆ ಅಂದರೆ, ಅದು ತೀರ ಸಣ್ಣದು, ಹಗುರ, ಆ ಏಟು ಅದಕ್ಕೆ ಲೆಕ್ಕಕ್ಕಿಲ್ಲ. ಇವರು ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದರು. ಅತ್ತೆ ಮಗನನ್ನೇ ದಿಟ್ಟಿಸಿ ನೋಡಿ, "ಸಣ್ಣ ಮಿದುಳಿಗೆ ತಲೆನೋವಿಲ್ಲ ಅಂತ ತಿಳ್ಕೊಳ್ಳೋಕೆ ಬೆಲ್ಜಿಯಮ್ಮಿಗೆ ಹೋಗಬೇಕಿತ್ತಾ" ಅಂದರು.

ಇನ್ನು ಫೋಟೋ. ಹೊರಗೆ ನಿಂತರೆ ಚಳಿ, ಹಕ್ಕಿಗೂ ಹೆದರಿಕೆ. ಆದ್ದರಿಂದ ಟ್ರೈಪಾಡು ಸಿಂಕಿನ ಪಕ್ಕ ಪ್ರತಿಷ್ಠಾಪನೆಯಾಯಿತು. ಹಕ್ಕಿ ಬಂದರೆ ನಲ್ಲಿ ಬಿಡಬಾರದು, ಮಿಕ್ಸಿ ಹಾಕಬಾರದು, ಫ್ರಿಜ್ಜಿನ ಬಾಗಿಲು ಬಡಿಯಬಾರದು. ಒಗ್ಗರಣೆಗೆ ಸಾಸಿವೆ ಸಿಡಿಯುವ ಮುಹೂರ್ತಕ್ಕೇ ಹಕ್ಕಿ ಬರುತ್ತಿತ್ತು. ಇಂಗಿನ ಹೊಗೆ ಗಾಜಿಗೆ ಮೆತ್ತಿ, ಆ ಚಳಿಗಾಲದ ಚಿತ್ರಗಳಲ್ಲೆಲ್ಲ ಒಂದು ಮಂಜು. ಅದನ್ನು ನೋಡಿದ ಇವರ ಆಫೀಸಿನವರು ಯಾವ ಫಿಲ್ಟರ್ ಅಂತ ಕೇಳಿದರಂತೆ. ಕುಟ್ಟುವ ತಲೆಯನ್ನು ನಿಲ್ಲಿಸಿ ಹಿಡಿಯಲು ಷಟರನ್ನು ಸೆಕೆಂಡಿನ 2000ದ ಒಂದು ಭಾಗಕ್ಕೆ ಏರಿಸಿದರೆ ಜನವರಿಯ ಮಬ್ಬಿನಲ್ಲಿ ಚಿತ್ರವೇ ಕಪ್ಪು, ಇಳಿಸಿದರೆ ದೇಹಕ್ಕೆ ತಲೆಯೇ ಇಲ್ಲ. ಎರಡು ಗಾಜಿನ ಕಿಟಕಿ ಬೇರೆ, ಒಳಗಿನದೆಲ್ಲ ಅದರಲ್ಲಿ ಪ್ರತಿಫಲಿಸುತ್ತದೆ. ಅದಕ್ಕೆ ಇವರು ಅತ್ತೆಯ ಕಪ್ಪು ಶಾಲನ್ನು ಬೆನ್ನ ಹಿಂದೆ ಪರದೆಯಾಗಿ ಕಟ್ಟಿಕೊಂಡರು. ಅತ್ತೆ ನನ್ನ ಸ್ವೆಟರ್ ಹಾಕಿಕೊಂಡು ಸಹಿಸಿದರು.

ಮಾರ್ಚ್ ಬಂತು, ಬೆಳಿಗ್ಗೆ ಆರಕ್ಕೇ ಅತ್ತೆ ಎದ್ದು ಬಾಗಿಲು ತೆಗೆಯತೊಡಗಿದರು. "ಯಾರೋ ತಟ್ತಿದಾರೆ ಕಣೇ." ಯಾರೂ ಇಲ್ಲ. ವಸಂತದಲ್ಲಿ ಮರಕುಟಿಗ ಕುಟ್ಟುವುದು ಹೊಟ್ಟೆಗಲ್ಲ. ಇದು ನನ್ನ ಜಾಗ, ನನಗೊಂದು ಜೋಡಿ ಬೇಕು ಎಂದು ಡಂಗುರ ಸಾರಲು. ಅದಕ್ಕೆ ಮರಕ್ಕಿಂತ ತಗಡು ವಾಸಿ, ಸದ್ದು ಊರಿಗೆಲ್ಲ ಕೇಳುತ್ತದೆ. ನಮ್ಮ ಚಿಮಣಿಯ ತಗಡಿನ ಟೋಪಿ ಅದಕ್ಕೆ ಒಪ್ಪಿಗೆಯಾಗಿತ್ತು. ಓಡಿಸೋಣವೆಂದರೆ 1918ರ ವಲಸೆ ಹಕ್ಕಿ ಒಪ್ಪಂದದ ಕಾಯ್ದೆ ಇದೆ, ಹಕ್ಕಿಯನ್ನಾಗಲಿ ಮೊಟ್ಟೆಯಿರುವ ಗೂಡನ್ನಾಗಲಿ ಮುಟ್ಟುವಂತಿಲ್ಲ. ವರ್ಷವಿಡೀ ನಮ್ಮ ಹಿತ್ತಲು ಬಿಟ್ಟು ಕದಲದ ಡೌನಿಗೂ ವಲಸೆ ಕಾಯ್ದೆಯ ರಕ್ಷಣೆಯಿದೆ. ನಿಜವಾಗಿ ವಲಸೆ ಬಂದ ನಾವು ಇನ್ನೂ ಫಾರ್ಮು ತುಂಬುತ್ತಿದ್ದೇವೆ. ಹೊಳೆಯುವ ವಸ್ತು ಕಟ್ಟಿದರೆ ಹಕ್ಕಿ ದೂರವಿರುತ್ತದೆಂದು ಇವರು ಹಳೆಯ ಸೀಡಿಗಳನ್ನು ಸೂರಿಗೆ ಸಾಲಾಗಿ ನೇತುಹಾಕಿದರು. ಮಗಳ ಬಾಲವಾಡಿ ಪದ್ಯಗಳು, ಯಾವುದೋ ಸಾಫ್ಟ್‌ವೇರಿನ ಬ್ಯಾಕಪ್ಪು, ವಿಷ್ಣು ಸಹಸ್ರನಾಮ. ಸಹಸ್ರನಾಮವನ್ನು ಅತ್ತೆ ಬಿಚ್ಚಿಸಿದರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ "ಹ್ಯಾಪಿ ದೀವಾಲಿ" ಅಂದರು. ನಾವು ಥ್ಯಾಂಕ್ಯೂ ಅಂದೆವು. ಎಷ್ಟಂತ ವಿವರಿಸುವುದು.

ಇವರ ನಿಜವಾದ ಗುರಿ ಡೌನಿಯಲ್ಲ, ಪಿಲಿಯೇಟೆಡ್. ಕಾಗೆಯಷ್ಟು ದೊಡ್ಡ ಕರಿ ಹಕ್ಕಿ, ತಲೆಯ ಮೇಲೆ ಉರಿಯುವ ಕೆಂಪು ಜುಟ್ಟು. ಹಿತ್ತಲ ಕೊನೆಯಲ್ಲಿ ನಮ್ಮದೊಂದು ಒಣಗಿದ ಆಶ್ ಮರವಿದೆ. ಅದನ್ನು ಕೊಂದದ್ದು ಪಚ್ಚೆ ಬಣ್ಣದ ಒಂದು ಸಣ್ಣ ಜೀರುಂಡೆ. ಏಷ್ಯಾದಿಂದ ಯಾವ ವೀಸಾ ಸಂದರ್ಶನವೂ ಇಲ್ಲದೆ ಬಂದು, 2002ರಲ್ಲಿ ಮಿಶಿಗನ್ನಿನಲ್ಲಿ ಪತ್ತೆಯಾಗಿ, 2014ರಲ್ಲಿ ನ್ಯೂಜೆರ್ಸಿಯಲ್ಲಿ ಕಾಣಿಸಿಕೊಂಡದ್ದು. ತೊಗಟೆಯೊಳಗಿನ ಅದರ ಮರಿಹುಳ ಮರಕುಟಿಗಗಳಿಗೆ ಪರಮಾನ್ನ. ಮರ ಕಡಿಯುವವನು ಬಂದು ನೋಡಿ ಹೇಳಿದ ಮೊತ್ತ ಕೇಳಿ ಅತ್ತೆ ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ಬದಲಿಸಿ, "ಪಕ್ಷಿಗಳ ಮನೆ, ಕಡೀಬೇಡ್ವೋ" ಅಂದರು. ಬೀಳುವ ಕೊಂಬೆಗಳನ್ನಷ್ಟೇ ತೆಗೆಸಿ ಕಾಂಡ ಉಳಿಸಿದೆವು. ಅದರಲ್ಲಿ ಮೂಡಿದ ಉದ್ದನೆಯ ಚೌಕ ಗುಂಡಿಗಳನ್ನೂ ಬುಡದಲ್ಲಿ ರಾಶಿ ಬಿದ್ದ ಚಕ್ಕೆಗಳನ್ನೂ ನೋಡಿದಾಗಿನಿಂದ ಇವರಿಗೆ ನಿದ್ದೆಯಿಲ್ಲ. ಅಂಥ ಗುಂಡಿ ಕೊರೆಯುವುದು ಪಿಲಿಯೇಟೆಡ್ ಒಂದೇ.

ಏಪ್ರಿಲ್‌ನ ಒಂದು ಶನಿವಾರ ಅದು ಬಂತು. ಆಶ್ ಮರಕ್ಕಲ್ಲ, ನೇರ ಅತ್ತೆಯ ಬಿಲ್ಲೆಗೆ. ಪಂಜರಕ್ಕಿಂತ ಹಕ್ಕಿಯೇ ದೊಡ್ಡದು. ಇವರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಒಳ್ಳೆ ಬಿಸಿಲು, 2000ದ ಒಂದು ಭಾಗ, ಜುಟ್ಟಿನ ಒಂದೊಂದು ಎಳೆ, ಕಣ್ಣಿನ ಹಳದಿ, ಕೊಕ್ಕಿಗಂಟಿದ ಕಡಲೆಬೀಜದ ತರಿ, ಎಲ್ಲ ಸ್ಪಷ್ಟ. ಇವರ ಕೈ ನಡುಗುತ್ತಿತ್ತು. ನೋಡಿದವಳು ನಾನೂ ಸುಮ್ಮನೆ ಹೊಗಳುತ್ತಿಲ್ಲ, ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆದರೆ ಅವತ್ತು ಬೆಳಿಗ್ಗೆ ಚಳಿ ಅಂತ ಅತ್ತೆ ತಮ್ಮ ಶಾಲನ್ನು ಬಿಚ್ಚಿ ಹೊದ್ದುಕೊಂಡಿದ್ದರು.

ಇವರು ಚಿತ್ರವನ್ನು 'ನಮ್ಮ ಕುಟುಂಬ' ಗುಂಪಿಗೆ ಹಾಕಿ, ಹಕ್ಕಿಯ ಹೆಸರು, ಅಳತೆ, ಷಟರು, ಲೆನ್ಸು ಎಲ್ಲ ಬರೆದು ಕಾದು ಕೂತರು. ತಿಪಟೂರಿನಲ್ಲಿ ರಾತ್ರಿ ಊಟ ಮುಗಿದ ಹೊತ್ತು. ಮೊದಲ ಉತ್ತರ ದೊಡ್ಡತ್ತಿಗೆಯವರದು: "ಹಕ್ಕಿ ಹೊಟ್ಟೆ ಮೇಲೆ ಕಾಣ್ತಿರೋದು ಕುಕ್ಕರ್ ಅಲ್ವಾ? ಮೂರು ಲೀಟರಿನದಾ, ಐದರದಾ?" ಚಿಕ್ಕಮಾವ: "ಅಕ್ಕ ಇಳಿದುಹೋಗಿದಾಳೆ. ಊಟ ಸರಿಯಾಗಿ ಹಾಕ್ತಿದೀರೇನಪ್ಪಾ?" ಬೆಂಗಳೂರಿನ ನಾದಿನಿ ಚಿತ್ರವನ್ನು ಹಿಗ್ಗಿಸಿ, ರೆಕ್ಕೆಯ ಜಾಗದಲ್ಲಿ ಕೆಂಪು ಗುರುತು ಹಾಕಿ ವಾಪಸು ಕಳಿಸಿದಳು: "ಅಣ್ಣಾ, ಮುಚ್ಚಳದ ಸಂದಿಯಿಂದ ಆವಿ ಹೋಗ್ತಿದೆ. ಗ್ಯಾಸ್ಕೆಟ್ ಹೋಗಿರಬೇಕು ನೋಡು."

ನೋಡಿದರೆ ಹೋಗಿತ್ತು. ಅತ್ತೆ ಫೋನು ಕಿತ್ತುಕೊಂಡು, ಮುಂದಿನ ವಾರ ಯಾರೋ ಹೊರಡುತ್ತಿದ್ದಾರಲ್ಲ, ಅವರ ಕೈಲಿ ಐದು ಲೀಟರಿನದು ಎರಡು ಗ್ಯಾಸ್ಕೆಟ್ಟು, ಹಾಗೇ ಇನ್ನೊಂದು ಕಪ್ಪು ಶಾಲು ಕೊಟ್ಟು ಕಳಿಸು ಅಂತ ಹೇಳಿದರು.