ಇಳಿತದ ರಾಯರು

ಜಯನಗರ, ಬನಶಂಕರಿಯ ಕಡೆ ನಿವೃತ್ತರಾದವರಲ್ಲಿ ಕೆಲವರು ಗೀತೆ ಕಲಿಯುತ್ತಾರೆ, ಕೆಲವರು ಮೊಮ್ಮಗುವನ್ನು ಆಡಿಸಲು ಅಮೆರಿಕಕ್ಕೆ ಹೋಗುತ್ತಾರೆ. ಇನ್ನೊಂದು ಪಂಗಡ ದುರ್ಬೀನು ಕೊಳ್ಳುತ್ತದೆ. ಮೈತುಂಬ ಜೇಬಿರುವ ಮಾಸಲು ಜಾಕೆಟ್, ಅಗಲ ಟೋಪಿ. ಮದುವೆಮನೆಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಕಿಟಕಿಯಾಚೆ ಏನಾದರೂ ಚಿಲಿಪಿಲಿಯೆಂದರೆ ಎಲೆ ಬಿಟ್ಟು ಏಳುತ್ತಾರೆ. ನೀವು ಹದ್ದು ಎಂದರೆ ಸಾಕು, ಯಾವ ಹದ್ದು ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ.

ನನ್ನ ಪಾಲಿಗೆ ಬಂದ ರಾಯರು ಇವರೆಲ್ಲರಿಗಿಂತ ಒಂದು ಕೈ ಮೇಲು. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು ಕೂರಿಸಿದ್ದಾರೆ. ಚಳಿಗಾಲದಲ್ಲಿ ಗಾಡಿ ಕರಾವಳಿಗೆ. ನೆರೆಯವನೆಂಬ ಸಲುಗೆಗೆ ನನ್ನನ್ನೂ ಹತ್ತಿಸಿಕೊಳ್ಳುತ್ತಾರೆ. ಬಿಟ್ಟಿ ಪ್ರವಾಸವೆಂದರೆ ನಾನೂ ಬೇಡವೆನ್ನುವವನಲ್ಲ.

ಅವರ ಗೊರಕೆ ಸಹಿಸಿದ್ದೇನೆ. ಇಳಿತವನ್ನು ಸಹಿಸಲಾರೆ. ಸಮುದ್ರ ಇಳಿದಾಗ ಅಳಿವೆಯ ಕೆಸರು ತೆರೆದುಕೊಂಡು, ಹುಳು ಹೆಕ್ಕಲು ಹಕ್ಕಿಗಳು ಬರುತ್ತವೆ. ಈ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅದರ ಹಿಂದೆಯೇ ನಮ್ಮ ಕಾಫಿ, ಸ್ನಾನ, ಊಟ. ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಹೊನ್ನಾವರದಿಂದಲೇ ಹೇಳುತ್ತ ಬಂದಿದ್ದರು. ತಲುಪಿದಾಗ ಕುಕ್ಕರಿನಲ್ಲಿ ಬಿಸಿಬೇಳೆಬಾತು ಎರಡು ಸೀಟಿ ಹೊಡೆದಿತ್ತು. ಮೂರನೆಯದಕ್ಕೆ ಮುಂಚೆ ರಾಯರು ಒಲೆ ಆರಿಸಿಬಿಟ್ಟರು. "ಶ್! ಹಾರಿ ಹೋಗುತ್ತೆ!"

ಕೆಸರಿನ ಮೇಲೆ ಕಂದು ಚುಕ್ಕೆಗಳು ಓಡಾಡುತ್ತಿದ್ದವು. "ಟಿಬೆಟನ್ ಸ್ಯಾಂಡ್ ಪ್ಲೋವರ್," ಎಂದು ಪಿಸುಗುಟ್ಟಿದರು. ಹಿಂದೆ ಇದನ್ನೇ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂದಿದ್ರಲ್ಲ ಎಂದೆ. 2023ರಲ್ಲಿ ತಜ್ಞರು ಅದನ್ನು ಸೈಬೀರಿಯನ್, ಟಿಬೆಟನ್ ಎಂದು ಎರಡಾಗಿ ಹಂಚಿದರಂತೆ. ಸ್ವಂತ ಅಣ್ಣತಮ್ಮಂದಿರ ಆಸ್ತಿ ಪಾಲಾದಾಗಲೂ ರಾಯರು ಇಷ್ಟು ಉತ್ಸಾಹ ತೋರಿರಲಿಲ್ಲ. ಆಮೇಲೆ ಗ್ರೇಟರ್ ಸ್ಯಾಂಡ್ ಪ್ಲೋವರ್ ಆಗಿದ್ದರೆ ಎಂಬ ಅನುಮಾನ ಹೊಕ್ಕಿತು. ಕೊಕ್ಕು ಉದ್ದವೋ, ಕಾಲು ಉದ್ದವೋ ಎನ್ನುತ್ತ ಬಿಸಿಲು ಇಳಿಯಿತು. ಅದೇ ಕೆಸರಿನಲ್ಲಿ ಬುಟ್ಟಿ ಹಿಡಿದು ಬಳಚು ಆಯುತ್ತಿದ್ದ ಹೆಂಗಸರು ಗಟ್ಟಿಯಾಗಿ ಹರಟುತ್ತ ನಗುತ್ತಿದ್ದರು. ಹಕ್ಕಿ ಅವರ ಪಕ್ಕದಲ್ಲೇ ನಿಶ್ಚಿಂತೆಯಿಂದ ಮೇಯುತ್ತಿತ್ತು. ಅವರಿಗೆ ಯಾರೂ ಶ್ ಎನ್ನಲಿಲ್ಲ. ನಮ್ಮ ಬೇಳೆ ಮಾತ್ರ ಕೊನೆಗೂ ಬೇಯಲಿಲ್ಲ.

ಆದರೂ ಒಂದು ಮಾತು: ಕಡಲ ಹದ್ದು ಕಂಡರೆ ರಾಯರು ದುರ್ಬೀನನ್ನು ಮೊದಲು ಪಕ್ಕದವರ ಕಣ್ಣಿಗೆ ಹಿಡಿಯುತ್ತಾರೆ. ಬೀಚಿನ ಹುಡುಗರು ಸಾಲಾಗಿ ನೋಡಿ ಮುಗಿಸುವಷ್ಟರಲ್ಲಿ ಹದ್ದು ಗೋವಾ ಸೇರಿರುತ್ತದೆ. ಬೇಸರಿಸುವುದಿಲ್ಲ.

ಅವತ್ತು ರಾತ್ರಿ ಅರೆಬೆಂದ ಬಾತು ತಿನ್ನುತ್ತ ರಾಯರು ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಮಾತು ತೆಗೆದರು. ಅವರು ಹುಡುಗರಾಗಿದ್ದಾಗ ಬೇಸಿಗೆಗೆ ನೀರು ಹಿಂದೆ ಸರಿದು ಅಂಚಿನಲ್ಲಿ ಕೆಸರು ಉಳಿಯುತ್ತಿತ್ತಂತೆ. ಊರಿಗೆ ಮರಳುವ ಮುಂಚೆ ವಲಸೆ ಗೊರವಗಳು ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು. ಬಾಡಿಗೆ ಸೈಕಲ್ ತುಳಿದರೆ ಕಾಣುತ್ತಿದ್ದವು. ಈಗ ಹೂಳೆತ್ತುವಾಗ ದಡದಿಂದಲೇ ಆಳ ತೋಡಿ, ಸುತ್ತ ವಾಕಿಂಗ್ ದಾರಿ ಹಾಕುತ್ತಾರೆ. ಹೆಜ್ಜಾರ್ಲೆಗೆ, ನೀರುಕಾಗೆಗೆ ಆಳ ನೀರು ಸಾಕು. ಗೊರವದ ಕಾಲಿಗೆ ನೆಲ ಸಿಗುವುದಿಲ್ಲ. "ಕೆಸರು ಗಲೀಜು ಅಂತ ತೆಗೆದುಬಿಟ್ವಿ ಕಣ್ರೀ. ಈಗ ಅದನ್ನ ನೋಡೋಕೆ 400 ಕಿಲೋಮೀಟರಿಗೂ ಮೇಲೆ ಡೀಸೆಲ್ ಸುಡ್ತೀನಿ." ಸಾರಕ್ಕಿಯ ಆ ದಾರಿಯಲ್ಲೇ ದಿನಾ ಶೂ ಮಾಸದಂತೆ ನಡೆಯುವ ನಾನು ಹಪ್ಪಳ ಮುರಿಯುತ್ತ ಕೂತೆ.

ಮೊನ್ನೆ ಪಂಚಾಂಗ ಹಿಡಿದು ಮನೆಗೆ ಬಂದರು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಉಬ್ಬರದಂತೆ ಇಳಿತವೂ ಜೋರು, ಕೆಸರು ಇನ್ನಷ್ಟು ದೂರ ತೆರೆಯುತ್ತದೆ. ಅಮಾವಾಸ್ಯೆಗೆ ಹೊರಡೋಣವೆಂದರು. ನನ್ನವಳು ಪಂಚಾಂಗ ಇಸಿದುಕೊಂಡು, ಅಮಾವಾಸ್ಯೆಗೆ ಪ್ರಯಾಣ ಕೂಡದು ಎಂದು ಅದೇ ಪುಟದ ಮೇಲೆ ಬೆರಳಿಟ್ಟಳು. ರಾಯರು ಪುಟ ಮಗುಚಿದರು.

"ಹುಣ್ಣಿಮೆಗಾದ್ರೆ ಅಡ್ಡಿಯಿಲ್ವಲ್ಲಮ್ಮ? ಈ ಸಲ ಅವಲಕ್ಕಿ ಕಟ್ಟಿಕೊಡಿ, ಅದು ಸೀಟಿ ಹೊಡೆಯಲ್ಲ."